ಕಂಟ್ರೋಲ್ ಇಡದ ಶುಕ್ರವಾರ

ಮಾರ್ಚ್ 3, ಸೋಮವಾರ

"ನನ್ನ ಕಿವಿ ಸವೆದುಹೋಯ್ತು. ಇನ್ಮೇಲೆ ನಿನ್ನ ಲ್ಯಾಬಿನ ಪುರಾಣಾನೆಲ್ಲ ಇದಕ್ಕೆ ಹೇಳು" ಎಂದು ನಮ್ಮ ಯಜಮಾನರು ಈ ನೋಟ್‌ಬುಕ್ಕನ್ನು ನನ್ನ ತಟ್ಟೆಯ ಪಕ್ಕದಲ್ಲಿ ಇಟ್ಟರು. ಲಿಫ್ಟ್ ರಿಪೇರಿ ಮಾಡುವ ಮನುಷ್ಯ. ದಿನವಿಡೀ ಬಾಯಿಲ್ಲದ ಯಂತ್ರಗಳ ಜೊತೆ ಇದ್ದು ಬಂದವರಿಗೆ ಹೆಂಡತಿಯ ಮಾತು ಹೆಚ್ಚಾಗಿಯೇ ಕೇಳಿಸುತ್ತದೆ. ಆಗಲಿ, ಹೇಳುವುದಿಲ್ಲ, ಬರೆಯುತ್ತೇನೆ. ಇದಕ್ಕೆ ಕಿವಿಯಿಲ್ಲ, ಸವೆಯುವ ಭಯವೂ ಇಲ್ಲ.

ಇವತ್ತು ನಮ್ಮ ವಿಭಾಗದ ಮುಖ್ಯಸ್ಥ ಒಂದು ಸುತ್ತೋಲೆ ಹೊರಡಿಸಿದ್ದಾನೆ. ಚರ್ಮದ ತುಣುಕನ್ನು ಹೆಪ್ಪುಗಟ್ಟಿಸಿ ಎಳೆ ಎಳೆಯಾಗಿ ಕತ್ತರಿಸುವವಳು ನಾನು, ಔಷಧಿ ಹಾಕುವವಳು ನಾನು, ಕತ್ತಲೆ ಕೋಣೆಯಲ್ಲಿ ಕೂತು ಕಣ್ಣು ಕೆಡಿಸಿಕೊಳ್ಳುವವಳು ನಾನು. ಇವನು ಬಂದು ಐದು ನಿಮಿಷ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಸಹಿ ಜಡಿದು ಹೋಗುತ್ತಾನೆ. ಅದಕ್ಕೇ ಇವನಿಗೆ ಸಹಿ ಮಹಾಶಯ ಎಂದು ನಾನು ಹೆಸರಿಟ್ಟಿರುವುದು. ಈ ಸಹಿ ಮಹಾಶಯನ ಅಪ್ಪಣೆ ಏನೆಂದರೆ, ಇನ್ನು ಮುಂದೆ ಕಂಟ್ರೋಲ್ ಸ್ಲೈಡನ್ನು ಪ್ರತಿ ಸಲ ಇಡಬೇಕಿಲ್ಲ, ಹದಿನೈದು ದಿನಕ್ಕೊಮ್ಮೆ ಸಾಕು.

ಹೊಟ್ಟೆ ಉರಿಯುತ್ತಿದೆ. ಮೈಮೇಲೆ ಗುಳ್ಳೆ ಏಳುವ ಅಪರೂಪದ ಕಾಯಿಲೆಗಳು ಹೊರಗಿನಿಂದ ನೋಡಲು ಎಲ್ಲವೂ ಒಂದೇ. ಒಳಗೆ ಮಾತ್ರ ಬೇರೆ ಬೇರೆ. ಚರ್ಮದ ಮೇಲಿನ ಪದರವನ್ನು ಕೆಳಗಿನದಕ್ಕೆ ಹಿಡಿದಿಡುವ ಪ್ರೋಟೀನುಗಳಿವೆ, ಒಂದೊಂದು ಕಾಯಿಲೆಯಲ್ಲಿ ಒಂದೊಂದು ಕಾಣೆಯಾಗಿರುತ್ತದೆ. ನಾನು ಹಾಕುವ ಔಷಧಿ ಆ ಪ್ರೋಟೀನನ್ನು ಹುಡುಕಿ ಅಂಟಿಕೊಳ್ಳುತ್ತದೆ. ಇದ್ದರೆ ಕತ್ತಲಲ್ಲಿ ಹಸಿರು ಗೆರೆ ಹೊಳೆಯುತ್ತದೆ, ಇಲ್ಲದಿದ್ದರೆ ಕಪ್ಪು. ಆದರೆ ಕಪ್ಪು ಕಂಡರೆ ರೋಗಿಯಲ್ಲಿ ಪ್ರೋಟೀನ್ ಇಲ್ಲವೋ, ನನ್ನ ಸೀಸೆಯ ಔಷಧಿಯೇ ಕೆಟ್ಟಿದೆಯೋ, ಹೇಗೆ ತಿಳಿಯುವುದು? ಅದಕ್ಕೇ ಪಕ್ಕದಲ್ಲಿ ಆರೋಗ್ಯವಂತರ ಚರ್ಮದ ಒಂದು ಸ್ಲೈಡು. ಅದು ಹೊಳೆದರೆ ಮಾತ್ರ ಈ ಕಪ್ಪನ್ನು ನಂಬಬೇಕು. ಇಪ್ಪತ್ತಮೂರು ವರ್ಷಗಳಲ್ಲಿ ಒಂದು ಸಲವೂ ನಾನು ಅದಿಲ್ಲದೆ ಕೆಲಸ ಮಾಡಿದವಳಲ್ಲ.

"ಸೀಸೆ ತರಿಸೋಕೆ ಮೂರು ತಿಂಗಳು ಬೇಕು. ಅರ್ಧ ಔಷಧಿ ಆರೋಗ್ಯವಾಗಿರೋ ಚರ್ಮಕ್ಕೇ ಹೋಗ್ತಿದೆ. ಅದು ಹೊಳೆಯುತ್ತೆ ಅಂತ ನಮಗೆ ಗೊತ್ತೇ ಇದೆಯಲ್ಲ" ಎಂದ.

"ಗೊತ್ತಿರೋದು ಚರ್ಮದ ವಿಷಯ ಸರ್. ಸೀಸೆ ವಿಷಯ ಯಾರಿಗೆ ಗೊತ್ತು?" ಎಂದೆ.

"ನಿಮ್ಮಲ್ಲಿ ವಿಷಯಕ್ಕಿಂತ ಧ್ವನಿ ಜಾಸ್ತಿ" ಎಂದು ಹೋದ. ಇವತ್ತಿನ ಕಂಟ್ರೋಲ್ ಎಲ್ಲ ಸೀಸೆಗಳಲ್ಲೂ ಚೆನ್ನಾಗಿ ಹೊಳೆಯಿತು. ಮುಂದಿನದು 17ಕ್ಕೆ.

ಮಾರ್ಚ್ 5, ಬುಧವಾರ

ಮಾದರಿ 118. ಹನ್ನೆರಡು ದಿನದ ಹೆಣ್ಣು ಮಗುವಿನ ಚರ್ಮ. ವಾರ್ಡಿನಿಂದ ಫಾರ್ಮಲಿನ್‌ನಲ್ಲಿ ಮುಳುಗಿಸಿ ಕಳಿಸಿದ್ದಾರೆ! ಫಾರ್ಮಲಿನ್‌ಗೆ ಬಿದ್ದ ಚರ್ಮ ನಮ್ಮ ಕೆಲಸಕ್ಕೆ ಬಾರದು ಎಂದು ವಾರ್ಡಿನ ಗೋಡೆಗೆ ನಾನೇ ಕೈಯಾರೆ ಬರೆದು ಅಂಟಿಸಿದ್ದೆ. ಓದು ಬರುವವರೇ ಓದದಿದ್ದರೆ ಯಾರಿಗೆ ಹೇಳುವುದು. ಫೋನಿನಲ್ಲಿ ಕಿರುಚಿದ್ದು ಸಾಲದೆ ಮೂರು ಮಹಡಿ ಹತ್ತಿ ಹೋಗಿ ಎದುರೆದುರೇ ಕಿರುಚಿದೆ. ಚರ್ಮದ ಡಾಕ್ಟರಮ್ಮ ಇನ್ನೂ ಎಳೆಯ ವಯಸ್ಸು. ತಪ್ಪಾಯ್ತು ಮೇಡಂ, ನೀವೇ ನಿಂತು ಹೇಳಿ, ಹಾಗೇ ತೆಗೀತೀನಿ ಎಂದಳು. ತಪ್ಪೊಪ್ಪಿಕೊಂಡವರ ಮೇಲೆ ಕೂಗಾಡುವುದು ಹೇಗೆ?

ಹಳೆಯ ಗುಳ್ಳೆ ನಡೆಯುವುದಿಲ್ಲ, ಅದರಲ್ಲಿ ಪ್ರೋಟೀನುಗಳು ಕರಗಿರುತ್ತವೆ, ಹೊಸದೇ ಬೇಕು. ಗುಳ್ಳೆಯಿಲ್ಲದ ಕಡೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಬರಿಸಬೇಕು. ಮಗುವಿನ ತಾಯಿ ಪಕ್ಕದಲ್ಲೇ ನಿಂತಿದ್ದಳು. ಬಟ್ಟೆ ಹೊಲಿಯುವ ಹೆಂಗಸಂತೆ, ಬೆರಳ ತುದಿಯೆಲ್ಲ ಸೂಜಿ ಚುಚ್ಚಿದ ಕಲೆ.

"ಉಜ್ಜಿದ್ರೆ ಏನಾಗುತ್ತೆ?"

"ಇನ್ನೊಂದು ಗುಳ್ಳೆ ಏಳುತ್ತೆ."

"ಬೇಕೂಂತ ಏಳಿಸ್ತೀರಾ?"

"ಹೌದು. ಇಲ್ದಿದ್ರೆ ಯಾವ ಕಾಯಿಲೆ ಅಂತ ತಿಳಿಯಲ್ಲ."

ಅವಳು, "ಲೈನಿಂಗ್ ಬಟ್ಟೇನೇ ಸರಿಯಿಲ್ವಾ, ಬಟ್ಟೆ ಚೆನ್ನಾಗಿದ್ದು ಹೊಲಿಗೆ ಮಾತ್ರ ಬಿಟ್ಟಿದ್ಯಾ, ಅದನ್ನ ತಾನೇ ನೋಡೋದು?" ಎಂದಳು. ಸಹಿ ಮಹಾಶಯನಿಗೂ ಇಷ್ಟು ಚೆನ್ನಾಗಿ ಹೇಳಲು ಬಾರದು. ಆಮೇಲೆ ಮಗುವಿನ ಕಾಲನ್ನು ಅವಳೇ ಹಿಡಿದುಕೊಂಡಳು, ನರ್ಸಿಗೆ ಬಿಡಲಿಲ್ಲ. ಡಾಕ್ಟರಮ್ಮ ಉಜ್ಜಿದಳು. ಮಗು ಅತ್ತ ರೀತಿಗೆ ನನಗೆ ಮತ್ತೆ ಸಿಟ್ಟು ಬಂತು. ಮೊದಲ ಸಲವೇ ಸರಿಯಾಗಿ ತೆಗೆದಿದ್ದರೆ ಇದೆಲ್ಲ ಬೇಕಿತ್ತೇ?

ಜೀನ್ ಪರೀಕ್ಷೆಗೂ ರಕ್ತ ಕಳಿಸಿದ್ದಾರೆ, ಅದು ಬರಲು ಎರಡು ತಿಂಗಳು. ಅಲ್ಲಿಯವರೆಗೆ ನನ್ನ ಸ್ಲೈಡೇ ಗತಿ.

ಮಾರ್ಚ್ 7, ಶುಕ್ರವಾರ

ಇವತ್ತು ಸಹಿ ಮಹಾಶಯನಿಗೆ ಸರಿಯಾಗಿ ಬುದ್ಧಿ ಕಲಿಸಿದೆ.

ಬೆಳಿಗ್ಗೆ 118ರ ಸ್ಲೈಡುಗಳನ್ನು ಜೋಡಿಸುತ್ತಿದ್ದೆ. ಅಭ್ಯಾಸಬಲದಿಂದ ಪಕ್ಕದಲ್ಲಿ ಕಂಟ್ರೋಲನ್ನೂ ಇಟ್ಟಿದ್ದೆ. ಇವನು ಬಂದು ಬೆರಳು ಮಡಿಸಿ ಎಣಿಸಿದ. "ಸುತ್ತೋಲೆ ಓದಿಲ್ವಾ? ನಿಮ್ಮ ವಯಸ್ಸಿನವ್ರಿಗೆ ಅಭ್ಯಾಸ ಬಿಡೋದು ಕಷ್ಟ, ಗೊತ್ತು" ಎಂದ. ರಕ್ತ ಪರೀಕ್ಷೆಯವರು, ಗುಡಿಸುವಾಕೆ, ಎಲ್ಲರೂ ಇದ್ದರು. ಯಾರೋ ಕಿಸಕ್ಕೆಂದರು. ನನಗೆ ಕಿವಿಯವರೆಗೆ ಬಿಸಿಯಾಯಿತು. ಕಂಟ್ರೋಲ್ ಸ್ಲೈಡನ್ನು ತೆಗೆದು ಅವನ ಕಣ್ಣೆದುರೇ ಕಸದ ಡಬ್ಬಕ್ಕೆ ಹಾಕಿದೆ.

ಬಾಗಿಲವರೆಗೆ ಹೋದವನು ತಿರುಗಿದ. "ಇರ್ಲಿ, ಇದೊಂದಕ್ಕೆ ಇಡಿ. ಮಗು ಅಲ್ವಾ" ಎಂದ.

"ಬೇಡ ಸರ್. ಸುತ್ತೋಲೆ ಅಂದ್ರೆ ಸುತ್ತೋಲೆ" ಎಂದೆ.

ಅವನ ಮುಖ ನೋಡಬೇಕಿತ್ತು! ಇಪ್ಪತ್ತಮೂರು ವರ್ಷಗಳಲ್ಲಿ ಮೊದಲ ಸಲ ಕಂಟ್ರೋಲ್ ಇಲ್ಲದೆ ಮಾಡಿದೆ, ಅವನೇ ಹೇಳಿದ್ದು, ಅವನೇ ಅನುಭವಿಸಲಿ.

118ರ ಫಲಿತಾಂಶ: ಕೊಲಾಜನ್ ಎಂಬ ಪ್ರೋಟೀನಿನ ಗೆರೆ ಗುಳ್ಳೆಯ ತಳದಲ್ಲಿ ಚೆನ್ನಾಗಿ ಹೊಳೆಯಿತು. ಲ್ಯಾಮಿನಿನ್ ಎಂಬ ಪ್ರೋಟೀನ್ ಮಾತ್ರ ಪೂರ್ತಿ ಕಪ್ಪು, ಒಂದು ಚುಕ್ಕೆಯೂ ಇಲ್ಲ. ಅದಿದ್ದಿದ್ದರೆ ಸೌಮ್ಯ ರೂಪ, ದೊಡ್ಡದಾಗುತ್ತಾ ಚರ್ಮ ಗಟ್ಟಿಯಾಗುತ್ತಿತ್ತು. ಇಲ್ಲದಿದ್ದರೆ ಮೊದಲ ವರ್ಷ ದಾಟುವುದೇ ಕಷ್ಟ. ಸಹಿ ಮಹಾಶಯ ಎಂದಿನಂತೆ ಐದು ನಿಮಿಷ ನೋಡಿ ಸಹಿ ಹಾಕಿದ. ಪಾಪದ ಮಗು.

ಮಾರ್ಚ್ 8, ಶನಿವಾರ

ಡಾಕ್ಟರಮ್ಮ ತಂದೆ ತಾಯಿಯನ್ನು ಕೂರಿಸಿ ಹೇಳಿದಳಂತೆ. ತಿಂಗಳುಗಳ ಲೆಕ್ಕ ಅಷ್ಟೇ, ನೋವಾಗದ ಹಾಗೆ ಮನೆಯಲ್ಲಿಟ್ಟು ನೋಡಿಕೊಳ್ಳಿ ಎಂದು. ಸಂಜೆಯೊಳಗೆ ಕರೆದುಕೊಂಡು ಹೋದರು. ತಾಯಿ ವರದಿಯ ಕಾಗದವನ್ನು ಕೇಳಿ ಇಸಕೊಂಡಳಂತೆ. ಅದರಲ್ಲಿ ಅವಳಿಗೆ ಅರ್ಥವಾಗುವಂಥದ್ದು ಏನಿದೆಯೋ.

ಮನೆಗೆ ಬಂದು ನಿನ್ನೆಯ ಸಾಹಸವನ್ನು ಯಜಮಾನರಿಗೆ ಹೇಳಿದೆ. ನೋಟ್‌ಬುಕ್ಕಿಗೆ ನಗಲು ಬರುವುದಿಲ್ಲವಲ್ಲ. ಅವರೂ ನಗಲಿಲ್ಲ.

"ರಿಪೇರಿ ಆದ್ಮೇಲೆ ಲಿಫ್ಟನ್ನ ಒಂದ್ಸಲ ಖಾಲಿ ಓಡಿಸಿ ನೋಡ್ತೀವಿ. ಆಮೇಲೇ ಜನ ಹತ್ತೋದು" ಎಂದರು.

"ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?"

"ಮಾಲೀಕನ ಮೇಲೆ ಎಷ್ಟೇ ಕೋಪ ಇದ್ರೂ ಖಾಲಿ ಓಡಿಸ್ತೀವಿ, ಅಷ್ಟೇ ಹೇಳಿದ್ದು."

ಮೂವತ್ತು ವರ್ಷ ಸಂಸಾರ ಮಾಡಿದ ಗಂಡ ಹೊರಗಿನವನ ಪರ. ತಟ್ಟೆ ಸರಿಸಿ ಎದ್ದು ಬಂದೆ. ಇನ್ನು ಇವರ ಜೊತೆ ಮಾತಿಲ್ಲ.

ಮಾರ್ಚ್ 12, ಬುಧವಾರ

ಮಾತು ಬಿಟ್ಟು ನಾಲ್ಕನೇ ದಿನ. ಅವರು ಬಹಳ ಸಂತೋಷವಾಗಿದ್ದಾರೆ. ಲ್ಯಾಬಿನ ನಲ್ಲಿ ಸೋರುತ್ತಿದೆ, ಹೇಳಿ ಹೇಳಿ ಸಾಕಾಯಿತು. ಇವತ್ತು ಒಂದು ಬೀಕರ್ ಒಡೆದೆ. ಕೈ ಜಾರಿತು ಎಂದು ಬರೆದುಕೊಟ್ಟೆ, ಜಾರಿರಲಿಲ್ಲ.

ಮಾರ್ಚ್ 17, ಸೋಮವಾರ, ಮಧ್ಯಾಹ್ನ

ಗೆದ್ದೆ! ಗೆದ್ದೇಬಿಟ್ಟೆ!

ಇವತ್ತು ಕಂಟ್ರೋಲ್ ಇಡುವ ದಿನ. ಎಲ್ಲ ಸೀಸೆಗಳನ್ನೂ ಆರೋಗ್ಯದ ಚರ್ಮದ ಮೇಲೆ ಹಾಕಿ ನೋಡಿದೆ. ಎಲ್ಲವೂ ಹೊಳೆದವು, ಲ್ಯಾಮಿನಿನ್ ಒಂದನ್ನು ಬಿಟ್ಟು. ಗಟ್ಟಿಮುಟ್ಟಾದ ಚರ್ಮ, ಇರಲೇಬೇಕಾದ ಪ್ರೋಟೀನ್, ಆದರೂ ಕಪ್ಪು! ಮತ್ತೊಮ್ಮೆ ಮಾಡಿದೆ, ಆಗಲೂ ಕಪ್ಪು. ಸೀಸೆ ಫ್ರಿಜ್ಜಿನ ಹಿಂಬದಿಯ ಗೋಡೆಗೆ ಒತ್ತಿಕೊಂಡಿತ್ತು, ಯಾವಾಗಲೋ ಹೆಪ್ಪುಗಟ್ಟಿ ಕೆಟ್ಟಿದೆ. ಅಲ್ಲಿಗೆ ತಳ್ಳಿದವರು ಯಾರೋ, ನಾನೇ ಇದ್ದರೂ ಇರಬಹುದು. ಅದಲ್ಲ ಮುಖ್ಯ. ಮುಖ್ಯ ಏನೆಂದರೆ ನಾನು ಹೇಳಿದ್ದೇ ಸರಿ. ಸ್ಲೈಡು ಹಿಡಿದುಕೊಂಡು ಹೋಗಿ ಅವನ ಮೇಜಿನ ಮೇಲೆ ಇಡುತ್ತೇನೆ. ಆ ಸುತ್ತೋಲೆಯನ್ನು ಅವನ ಕೈಯಿಂದಲೇ ಹರಿದುಹಾಕಿಸುತ್ತೇನೆ. ಯಾವಾಗಿನಿಂದ ಕೆಟ್ಟಿತ್ತು ಎಂದು ಕೇಳಿದರೆ ಉತ್ತರ ಬೇಕಲ್ಲ, ಈ ಸೀಸೆಯನ್ನು ಕೊನೆಯ ಸಲ ಬಳಸಿದ್ದು ಯಾವಾಗ ಎಂದು ರಿಜಿಸ್ಟರ್ ನೋಡಿದೆ. ಅಪರೂಪಕ್ಕೆ ತೆಗೆಯುವ ಸೀಸೆ. 3ನೇ ತಾರೀಕಿನ ಕಂಟ್ರೋಲ್ ಆದಮೇಲೆ ಒಂದೇ ಸಲ ತೆಗೆದಿದ್ದೇನೆ. 7ನೇ ತಾರೀಕು. 118.

ಅದೇ ದಿನ, ಸಂಜೆ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಮುಖ್ಯಸ್ಥರ ಹತ್ತಿರ ಹೋದೆ. ಸ್ಲೈಡು ನೋಡಿ ಅವರ ಮುಖ ಬಿಳಿಚಿತು. ಬೇರೆ ಆಸ್ಪತ್ರೆಯಿಂದ ಹೊಸ ಸೀಸೆ ತರಿಸುತ್ತೇನೆ, ಮೂರು ದಿನದಲ್ಲಿ ಬರುತ್ತದೆ, ಫ್ರೀಜರಿನಲ್ಲಿ ಮಗುವಿನ ಚರ್ಮ ಇನ್ನೂ ಉಳಿದಿದೆಯಲ್ಲ, ಮತ್ತೆ ಮಾಡೋಣ, ಅಲ್ಲಿಯವರೆಗೆ ಯಾರಿಗೂ ಹೇಳುವುದು ಬೇಡ ಎಂದರು.

"ಮೂರು ದಿನ ಅವ್ರು ಹಾಗೇ ಇರ್ಬೇಕಾ?"

"ಈಗ ಹೋಗಿ ಏನಂತ ಹೇಳ್ತೀರಿ? ಬದುಕುತ್ತೆ ಅಂತ ಹೇಳ್ತೀರಾ? ಅದೂ ನಮಗೆ ಗೊತ್ತಿಲ್ಲ. ಹೊಸ ಸೀಸೇಲೂ ಕಪ್ಪೇ ಬಂದ್ರೆ? ಒಂದೇ ಮಗೂನ ಅವ್ರು ಎರಡು ಸಲ ಕಳ್ಕೊಳ್ಬೇಕಾ?"

ಸಿಟ್ಟು ಬಂತು, ಆದರೆ ಅದು ಅವರ ಮೇಲೆ ನಿಲ್ಲಲಿಲ್ಲ. ಡಾಕ್ಟರಮ್ಮನಿಗೆ ಫೋನ್ ಮಾಡಿ ಮಗು ಹೇಗಿದೆ ಎಂದಷ್ಟೇ ಕೇಳಿದೆ. ಎರಡು ದಿನದಿಂದ ಜ್ವರ, ಕಾಲಿನ ಗಾಯ ಕೀವಾಗಿದೆ, ಬನ್ನಿ ಎಂದರೆ ಬರುತ್ತಿಲ್ಲ, ಹೋಗೋ ಕೂಸಿಗೆ ಯಾಕೆ ಚುಚ್ಚಿಸೋದು ಎನ್ನುತ್ತಾರೆ ಎಂದಳು. ಕಾಲಿನ ಗಾಯ ಎಂದರೆ ನಾವು ಉಜ್ಜಿ ಕತ್ತರಿಸಿ ತೆಗೆದ ಜಾಗ. ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಇಬ್ಬರೂ ಆಟೋ ಹಿಡಿದು ಹೊರಟೆವು. ಮುಖ್ಯಸ್ಥರನ್ನು ಕೇಳಲಿಲ್ಲ.

ಅಂಗಡಿಯೊಂದರ ಮೇಲಿನ ಎರಡು ಕೋಣೆ. ಬಾಗಿಲ ಪಕ್ಕದಲ್ಲೇ ಹೊಲಿಗೆ ಯಂತ್ರ. ತಾಯಿ ನಮ್ಮ ಕಡೆಗೆ ಬೆನ್ನು ಮಾಡಿ ಏನೋ ಹೊಲಿಯುತ್ತಿದ್ದಳು. ತಂದೆ ನೆಲದ ಮೇಲೆ ಕೂತು ಬಾಟಲಿಯಲ್ಲಿ ಮಗುವಿಗೆ ಹಾಲು ಕುಡಿಸಲು ಹೆಣಗುತ್ತಿದ್ದ. ಮಗು ಮೆತ್ತನೆಯ ಬಟ್ಟೆಯ ಮೇಲೆ ಮಲಗಿತ್ತು, ಕೆನ್ನೆ ಕೆಂಪು ಕೆಂಪು. ನಾನು ನಿಂತೇ ಹೇಳಿದೆ. ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ, ಹೇಳಿದ್ದರೂ ಕೂರಲು ಆಗುತ್ತಿರಲಿಲ್ಲ.

"ನಾನು ಲ್ಯಾಬಿನವಳು. ನಿಮಗೆ ಕೊಟ್ಟ ವರದಿ ನಂಬೋ ಹಾಗಿಲ್ಲ. ನನ್ನ ಔಷಧಿ ಕೆಟ್ಟಿತ್ತು. ಯಾರ ಚರ್ಮ ಇಟ್ಟಿದ್ರೂ ಹಾಗೇ ಬರ್ತಿತ್ತು."

ಹೊಲಿಗೆ ಯಂತ್ರ ನಿಂತಿತು. ಅವಳು ತಿರುಗಲಿಲ್ಲ.

"ಹಾಗಾದ್ರೆ ಬದುಕ್ತಾಳಾ?"

"ಗೊತ್ತಿಲ್ಲ."

"ಸಾಯ್ತಾಳಾ?"

"ಅದೂ ಗೊತ್ತಿಲ್ಲಮ್ಮ. ಮೂರು ದಿನ ಬೇಕು. ಆದ್ರೆ ಈ ಜ್ವರಕ್ಕೆ ಈಗಲೇ ಔಷಧಿ ಬೀಳ್ಬೇಕು."

ತಂದೆ ಎದ್ದುನಿಂತ. ತಮಾಷೆ ಮಾಡ್ತಿದ್ದೀರಾ, ಒಂದು ದಿನ ಸಾಯುತ್ತೆ ಅಂತೀರಿ, ಇನ್ನೊಂದು ದಿನ ಗೊತ್ತಿಲ್ಲ ಅಂತೀರಿ, ಮೊದಲು ಹೊರಗೆ ನಡೀರಿ ಎಂದು ಕೂಗಿದ. ಬೈಗುಳಗಳೂ ಬಂದವು. ಎಲ್ಲವೂ ನ್ಯಾಯವೇ. ಇಷ್ಟು ವರ್ಷ ನಾನು ಬೇರೆಯವರಿಗೆ ಬೈದಾಗ ಅವರು ಹೀಗೆ ನಿಂತು ಕೇಳುತ್ತಿದ್ದರೇನೋ. ಡಾಕ್ಟರಮ್ಮ ಅಳುತ್ತಿದ್ದಳು.

ಆ ಗಲಾಟೆಯ ನಡುವೆ ತಾಯಿ ಎದ್ದಳು. ಒಳಗೆ ಹೋಗಿ ಕೈ ತೊಳೆದು ಬಂದಳು. ಕಂಕುಳಿಗೆ ಕೈ ಹಾಕದೆ, ತಲೆಯ ಕೆಳಗೊಂದು ಬೆನ್ನಿನ ಕೆಳಗೊಂದು ಅಂಗೈ ತೂರಿಸಿ ಮಗುವನ್ನು ಬಟ್ಟೆಯ ಸಮೇತ ಎತ್ತಿ ಎದೆಗಿಟ್ಟುಕೊಂಡಳು. "ನಾನು ಕಣೇ, ನಿಮ್ಮಮ್ಮ" ಎಂದಳು. ಗಂಡ ಕೂಗುವುದನ್ನು ನಿಲ್ಲಿಸಿ ಅವಳನ್ನೇ ನೋಡಿದ. ಹೆತ್ತ ಮಗಳಿಗೆ ತಾನು ಯಾರೆಂದು ಹೇಳಿಕೊಳ್ಳುವ ತಾಯಿಯನ್ನು ನಾನು ಕಂಡಿರಲಿಲ್ಲ.

ಅದೇ ಆಟೋದಲ್ಲಿ ಎಲ್ಲರೂ ಆಸ್ಪತ್ರೆಗೆ ಬಂದೆವು. ಔಷಧಿ ಶುರುವಾಗಿದೆ. ಮನೆಗೆ ಬಂದಾಗ ಯಜಮಾನರು ಊಟಕ್ಕೆ ಬಡಿಸಿ ಕಾಯುತ್ತಿದ್ದರು. "ನೀವು ಹೇಳಿದ್ದು ಸರಿ" ಎಂದೆ. ಯಾವುದು ಎಂದು ಅವರು ಕೇಳಲಿಲ್ಲ, ನೀರು ಕೊಟ್ಟರು.

ಮಾರ್ಚ್ 19, ಬುಧವಾರ

ಜ್ವರ ಇನ್ನೂ ಇದೆ. ಸೀಸೆ ಇನ್ನೂ ಬಂದಿಲ್ಲ. ಫ್ರಿಜ್ಜಿನ ಒಳಗೋಡೆಗೆ ತಾಗದ ಹಾಗೆ ಒಂದು ಹಲಗೆ ಅಡ್ಡ ಇಟ್ಟೆ. ನಾಲ್ಕು ಸಲ ವಾರ್ಡಿಗೆ ಹೋಗಿ ಬಾಗಿಲಲ್ಲೇ ನಿಂತು ಬಂದೆ.

ಮಾರ್ಚ್ 20, ಗುರುವಾರ

ಸೀಸೆ ಬೆಳಿಗ್ಗೆ ಬಂತು. ಕಂಟ್ರೋಲ್ ಒಂದಲ್ಲ, ಮೂರು ಇಟ್ಟೆ. ಮುಖ್ಯಸ್ಥರು ನೋಡಿ, ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕತ್ತಲೆ ಕೋಣೆಯಲ್ಲಿ ಕೂತರು. ಮೊದಲು ಕಂಟ್ರೋಲ್ ನೋಡಿದೆ, ಮೂರೂ ಹೊಳೆದವು. ಆಮೇಲೆ ಕೂಸಿನದು ಇಟ್ಟೆ. ಗುಳ್ಳೆಯ ತಳದುದ್ದಕ್ಕೂ ಒಂದೇ ಒಂದು ಕಡೆಯೂ ತುಂಡಾಗದ ಹಸಿರು ಗೆರೆ. ಲ್ಯಾಮಿನಿನ್ ಇದೆ, ಪೂರ್ತಿ ಇದೆ. ಇನ್ನೆರಡು ಪ್ರೋಟೀನುಗಳನ್ನೂ ಹಾಕಿ ನೋಡಿದೆವು, ಸೀಳು ಬಿಟ್ಟಿರುವುದು ಅದಕ್ಕಿಂತ ಮೇಲೆ, ಸೌಮ್ಯ ರೂಪದಲ್ಲಿ ಬಿಡುವ ಜಾಗದಲ್ಲೇ. ಮುಖ್ಯಸ್ಥರು ಒಂದು ಗಂಟೆ ನೋಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು ಆ ಕಡೆ ನೋಡಲಿಲ್ಲ.

ಆಮೇಲೆ ತಿದ್ದಿದ ವರದಿ ಬರೆದರು. ಸೀಸೆಯ ದೋಷದಿಂದ ಹಿಂದಿನ ಫಲಿತಾಂಶ ತಪ್ಪಾಗಿತ್ತು, ಅಷ್ಟೇ. ಓದುತ್ತಾ ಓದುತ್ತಾ ನನಗೆ ತಲೆ ಸಿಡಿಯಿತು. ಸೀಸೆಗೇನು, ಅದು ಕೆಡುತ್ತದೆ. ಅದು ಕೆಟ್ಟರೆ ತಿಳಿಯಲಿ ಎಂದೇ ನನ್ನನ್ನು ಅಲ್ಲಿ ಇಟ್ಟಿರುವುದು.

"ಇದ್ರಲ್ಲಿ ನಾನೆಲ್ಲಿದ್ದೀನಿ ಸರ್?"

"ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ. ಸುತ್ತೋಲೆ ನಂದು. ಬಿಟ್ಬಿಡಿ."

"ಇಡಿ ಅಂತ ನೀವೇ ಹೇಳಿದ್ರಿ. ನಾನು ಇಡ್ಲಿಲ್ಲ."

ಅವರು ತಲೆ ತಗ್ಗಿಸಿದರು. ಅಂದರೆ ಅವರಿಗೂ ನೆನಪಿತ್ತು, ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಅದನ್ನು ನೋಡಿ ಇನ್ನೂ ಸಿಟ್ಟು ಬಂತು. ಯಾವನು ಕೇಳಿದ್ದ ಇವರ ಔದಾರ್ಯ? ವರದಿಯ ಕೆಳಗೆ ನಾನೇ ಬರೆದೆ: '7ನೇ ತಾರೀಕು ಕಂಟ್ರೋಲ್ ಇಟ್ಟಿಲ್ಲ. ಇಡಲು ಹೇಳಿದ ಮೇಲೂ ನಾನು ಇಡಲಿಲ್ಲ.' ಸಹಿ ಹಾಕಿದೆ.

ವಾರ್ಡಿಗೆ ಹೋದೆ. ಮಗುವಿನ ಜ್ವರ ಇಳಿದಿತ್ತು. ಡಾಕ್ಟರಮ್ಮ ಆಗಲೇ ವಿಷಯ ಹೇಳಿದ್ದಳು. ತಂದೆ ಹೊರಗಿನ ಮೆಟ್ಟಿಲ ಮೇಲೆ ಕೂತು ಮೊಣಕಾಲಿಗೆ ಮುಖವಿಟ್ಟು ಅಳುತ್ತಿದ್ದ. ತಾಯಿ ಮಗುವಿನ ಪಾದಕ್ಕೆ ಜಾಲರಿ ಬಟ್ಟೆ ಸುತ್ತುತ್ತಿದ್ದಳು, ಎಳೆಯದೆ, ಬಿಗಿಯದೆ. ಮುಖದಲ್ಲಿ ನಗುವೂ ಇರಲಿಲ್ಲ, ಅಳುವೂ ಇರಲಿಲ್ಲ. ಕಾಗದವನ್ನು ಅವಳ ಮುಂದೆ ಹಿಡಿದೆ. ಓದಿದಳು. ನಾನು ಕೊನೆಗೆ ಬರೆದ ಸಾಲನ್ನು ಎರಡು ಸಲ ಓದಿದಳು.

"ಇದ್ಯಾಕೆ ಇಡ್ಲಿಲ್ಲ?"

ಮರೆತೆ ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು.

"ಕೋಪ ಬಂದಿತ್ತು."

"ನಮ್ಮ ಮೇಲಾ?"

"ಇಲ್ಲಮ್ಮ. ನಮ್ಮ ಮುಖ್ಯಸ್ಥರ ಮೇಲೆ. ಎಲ್ಲರೆದುರು ಒಂದು ಮಾತು ಅಂದಿದ್ರು."

ಅವಳು ಬಟ್ಟೆ ಸುತ್ತುವುದನ್ನು ನಿಲ್ಲಿಸಿ ತಲೆಯೆತ್ತಿದಳು.

"ಅವ್ರಿಗೇನಾಯ್ತು?"

"ಏನೂ ಆಗ್ಲಿಲ್ಲ."

ಅವಳು ಇನ್ನೊಂದು ಪಾದವನ್ನು ಅಂಗೈ ಮೇಲೆ ಇಟ್ಟುಕೊಂಡು ಸುತ್ತತೊಡಗಿದಳು. ಕೂಗಲಿಲ್ಲ. ಕೂಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ನೀವು ಕೊಟ್ಟ ಕಾಗದ ನೋಡಿದ ದಿನದಿಂದ ಒಂಬತ್ತು ದಿನ ನಾನು ಇವಳನ್ನ ಎತ್ಕೊಳ್ಳಲಿಲ್ಲ" ಎಂದಳು. "ಹೋಗೋದೇ ಆದ್ರೆ ಅವಳಿಗೆ ನನ್ನ ರೂಢಿ ಆಗೋದು ಬೇಡ ಅಂತ. ಎದೆ ಹಾಲು ನಿಲ್ಲೋಕೆ ಮಾತ್ರೆ ನುಂಗಿದೆ. ಅವಳು ಅಳ್ತಾ ಇದ್ರೆ ಕೇಳಿಸ್ಬಾರ್ದು ಅಂತ ಮಿಷನ್ ತುಳೀತಾ ಕೂತಿರ್ತಿದ್ದೆ."

ಗಂಟು ಹಾಕಿ, ಬೆರಳು ತೂರುವಷ್ಟು ಸಡಿಲವಿದೆಯೇ ಎಂದು ನೋಡಿದಳು. ಆಮೇಲೆ ನನ್ನ ಕಡೆ ನೋಡದೆ ಕೇಳಿದಳು: "ಒಂಬತ್ತು ದಿನ ಅಮ್ಮ ಎತ್ಕೊಳ್ದೇ ಇದ್ದಿದ್ದು ಇಷ್ಟು ಚಿಕ್ಕ ಕೂಸಿಗೆ ನೆನಪಿರುತ್ತಾ? ಅದನ್ನ ನೋಡೋಕೆ ನಿಮ್ಮ ಹತ್ರ ಯಾವ್ದಾದ್ರೂ ಔಷಧಿ ಇದ್ಯಾ ಮೇಡಂ?"

ಇಲ್ಲ ಎಂದೆ.